ಅತಿವಾಹನ: ಒಂದು ಅತಿಚಾರದ ಇತಿಹಾಸ

ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ೧೫೦ ಶ್ಲೋಕಗಳ ಚಿಕ್ಕ ಗ್ರಂಥ. ಪರಿಗ್ರಹ ಪರಿಮಾಣ ವ್ರತಕ್ಕೆ ಒದಗುವ ಐದು ಅತಿಚಾರಗಳನ್ನು ಅದರಲ್ಲಿ ಎಣಿಸುವಾಗ ಆಚಾರ್ಯರು ಮೊದಲು ಹೆಸರಿಸಿದ್ದು ಬಂಗಾರವನ್ನಲ್ಲ, ಭೂಮಿಯನ್ನಲ್ಲ, ಅತಿವಾಹನವನ್ನು. ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಾಹನಗಳು ಅದರ ಹಿಂದೆ ಬರುತ್ತವೆ. ಇದೇ ವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಅತಿಚಾರಗಳ ಕ್ರಮ ಬೇರೆಯಾಗಿದೆ. ಅಲ್ಲಿ ಹೊಲ-ಮನೆ, ಬೆಳ್ಳಿ-ಬಂಗಾರ, ಧನ-ಧಾನ್ಯ, ದಾಸಿ-ದಾಸರು, ಬಟ್ಟೆ ಮೊದಲಾದ ಕುಪ್ಯ ಎಂದು ವಸ್ತುಗಳ ಪಟ್ಟಿಯಿದ್ದು, ಗೊತ್ತುಪಡಿಸಿಕೊಂಡ ಮಿತಿಯನ್ನು ಮೀರುವುದೇ ದೋಷವೆನಿಸುತ್ತದೆ. ಸಮಂತಭದ್ರರಾದರೋ ವಸ್ತುವಿನ ಲೆಕ್ಕವನ್ನು ಬದಿಗಿಟ್ಟು ಮನುಷ್ಯನ ನಡತೆಯನ್ನು ಹಿಡಿದರು.

ಹಾಗಾದರೆ ಅತಿವಾಹನವೆಂದರೇನು? ಈ ಗ್ರಂಥಕ್ಕೆ ಸಂಸ್ಕೃತ ಟೀಕೆ ಬರೆದ ಪ್ರಭಾಚಂದ್ರರ ಪ್ರಕಾರ, ಎತ್ತು ಮೊದಲಾದ ಪ್ರಾಣಿಗಳು ಸುಖವಾಗಿ ನಡೆಯಬಲ್ಲಷ್ಟು ದಾರಿಗಿಂತ ಹೆಚ್ಚು ದೂರ ಅವುಗಳನ್ನು ಲೋಭದಿಂದ ಓಡಿಸುವುದು ಅತಿವಾಹನ. ಮುಂದೆ ಹೆಚ್ಚಿನ ಲಾಭ ಬಂದೀತೆಂದು ಧಾನ್ಯವನ್ನು ತುಂಬಿಡುವುದು ಅತಿಸಂಗ್ರಹ. ತಾನು ಮಾರಿದ ಮೇಲೆ ಅದೇ ಸರಕಿನಲ್ಲಿ ಮತ್ತೊಬ್ಬನಿಗೆ ಅಧಿಕ ಲಾಭ ಬಂದರೆ ಬೆರಗಾಗಿ ಕೊರಗುವುದು ವಿಸ್ಮಯ. ಈ ಟೀಕೆಯನ್ನು ಓದಿದವರಿಗೆ ಟೀಕಾಕಾರರು ಪೇಟೆಯ ಅಂಗಡಿ ಸಾಲನ್ನು ಹತ್ತಿರದಿಂದ ಕಂಡವರೆಂಬುದರಲ್ಲಿ ಸಂದೇಹ ಉಳಿಯದು.

ಬ್ಯಾರಿಸ್ಟರ್ ಚಂಪತ್ ರಾಯ್ ಜೈನರು ೧೯೧೭ರಲ್ಲಿ ಈ ಗ್ರಂಥವನ್ನು ಇಂಗ್ಲಿಷಿಗೆ ತಂದಾಗ ಅದೇ ಶಬ್ದಕ್ಕೆ ಬೇರೆ ಅರ್ಥವನ್ನು ಕೊಟ್ಟರು. ಅಗತ್ಯಕ್ಕಿಂತ ಹೆಚ್ಚು ಸಂಖ್ಯೆಯ ವಾಹನಗಳನ್ನು ಇಟ್ಟುಕೊಳ್ಳುವುದೇ ಅತಿವಾಹನವೆಂಬುದು ಅವರ ಅನುವಾದದ ತಾತ್ಪರ್ಯ. ಶಬ್ದದ ಔಚಿತ್ಯವನ್ನು ನೋಡಿದರೆ ಟೀಕಾಕಾರರ ಪಕ್ಷವೇ ಬಲವಾದದ್ದು. ಕೊನೆಯಲ್ಲಿ ಬರುವ ಅತಿಭಾರವಾಹನಕ್ಕೆ ಅದು ಸರಿಯಾದ ಜೊತೆ. ಆದರೆ ಬ್ಯಾರಿಸ್ಟರರ ಅರ್ಥವೂ ಆಧಾರವಿಲ್ಲದ್ದಲ್ಲ. ಬಾಹ್ಯ ಪರಿಗ್ರಹವನ್ನು ಹತ್ತು ಬಗೆಯೆಂದು ಎಣಿಸುವ ಪ್ರಸಿದ್ಧ ಪಟ್ಟಿಯಲ್ಲಿ ಯಾನವೂ ಒಂದು. ಅಲ್ಲದೆ ಸಮಂತಭದ್ರರೇ ಭೋಗೋಪಭೋಗ ಪರಿಮಾಣ ವ್ರತದಲ್ಲಿ ಊಟದ ಬೆನ್ನಿಗೇ ವಾಹನವನ್ನು ಹೇಳಿ, ಈ ಹೊತ್ತು, ಈ ದಿನ, ಈ ಪಕ್ಷ, ಈ ತಿಂಗಳು, ಈ ಋತು ಎಂದು ಕಾಲದ ಮಿತಿಯಿಟ್ಟು ಅದನ್ನು ಬಿಡುವ ಕ್ರಮವನ್ನು ತಿಳಿಸಿದ್ದಾರೆ. ಶ್ವೇತಾಂಬರ ಶ್ರಾವಕರು ದಿನವೂ ನೆನೆಯುವ ಹದಿನಾಲ್ಕು ನಿಯಮಗಳಲ್ಲಿಯೂ, ದಿಗಂಬರರ ಹದಿನೇಳು ನಿಯಮಗಳಲ್ಲಿಯೂ ವಾಹನಕ್ಕೆ ಸ್ಥಾನವಿದೆ. ಎಂದರೆ ವಾಹನವು ಎರಡು ಖಾತೆಗಳಲ್ಲಿ ನಮೂದಾಗುವ ವಸ್ತು. ಎಷ್ಟು ಇವೆಯೆಂಬುದು ಪರಿಗ್ರಹದ ಖಾತೆ. ಇಂದು ಎಷ್ಟನ್ನು ಏರಿದೆನೆಂಬುದು ಉಪಭೋಗದ ಖಾತೆ. ಎರಡನೆಯದರಲ್ಲಿ ಸೊನ್ನೆಯಿದ್ದು ಮೊದಲನೆಯದರಲ್ಲಿ ಅಂಕಿ ಏರುತ್ತಿದ್ದರೆ ಅದನ್ನೇ ಬೇಡದ ವಾಹನವೆನ್ನಬೇಕು.

ಸಂಖ್ಯೆಯ ಮಾತು ಬಂದಾಗ ವಾಣಿಜ್ಯಗ್ರಾಮದ ಆನಂದ ಗೃಹಪತಿಯನ್ನು ನೆನೆಯದಿರಲಾಗದು. ಶ್ವೇತಾಂಬರ ಆಗಮವಾದ ಉಪಾಸಕದಶಾಂಗದ ಮೊದಲ ಅಧ್ಯಯನವು ಈತನ ಕಥೆ. ಭಗವಾನ್ ಮಹಾವೀರರ ಸನ್ನಿಧಿಯಲ್ಲಿ ವ್ರತವನ್ನು ಸ್ವೀಕರಿಸುವಾಗ ಆತನು ಹೇಳಿದ ಪರಿಮಾಣ ಇಂದಿನ ಓದುಗರನ್ನು ಬೆರಗುಗೊಳಿಸುತ್ತದೆ: ನಿಧಿಯಲ್ಲಿ ನಾಲ್ಕು ಕೋಟಿ ಹೊನ್ನು, ಬಡ್ಡಿಯಲ್ಲಿ ನಾಲ್ಕು ಕೋಟಿ, ಮನೆವಾರ್ತೆಯಲ್ಲಿ ನಾಲ್ಕು ಕೋಟಿ, ಹತ್ತು ಸಾವಿರ ಹಸುಗಳ ನಾಲ್ಕು ಹಿಂಡು, ೫೦೦ ನೇಗಿಲು, ದೂರ ಪ್ರಯಾಣಕ್ಕೆ ೫೦೦ ಬಂಡಿ, ಸಾಗಾಣಿಕೆಗೆ ೫೦೦ ಬಂಡಿ, ಪ್ರಯಾಣಕ್ಕೆ ನಾಲ್ಕು ದೋಣಿ, ಸರಕಿಗೆ ನಾಲ್ಕು ದೋಣಿ. ಸಾವಿರ ಬಂಡಿಯ ಒಡೆಯನನ್ನು ಅಪರಿಗ್ರಹದ ಆದರ್ಶವೆನ್ನುವುದುಂಟೆ ಎಂದು ನಗುವವರಿದ್ದಾರೆ. ಅವರು ಒಂದು ಅಂಶವನ್ನು ಗಮನಿಸಬೇಕು. ಆನಂದನು ಬಂಡಿಗಳನ್ನು ಒಟ್ಟಾಗಿ ಹೇಳಲಿಲ್ಲ. ಜನರನ್ನು ಒಯ್ಯುವುದು ಎಷ್ಟು, ಸರಕನ್ನು ಒಯ್ಯುವುದು ಎಷ್ಟು ಎಂದು ಬಿಡಿಸಿ ಹೇಳಿದನು. ಪ್ರತಿಯೊಂದು ಬಂಡಿಗೂ ಒಂದು ಕೆಲಸವಿತ್ತು. ಸಾವಿರದ ಒಂದನೆಯ ಬಂಡಿಗೆ ಅವನ ಮನೆಯಲ್ಲಿ ಜಾಗವಿರಲಿಲ್ಲ.

ಅದೇ ಅಧ್ಯಯನದಲ್ಲಿ ಮತ್ತೊಂದು ಸಂಗತಿ ಇದೆ, ಸಾಮಾನ್ಯವಾಗಿ ಯಾರೂ ಅದರ ಬಳಿ ನಿಲ್ಲುವುದಿಲ್ಲ. ಭಗವಂತರು ದೂತಿಪಲಾಶ ಚೈತ್ಯಕ್ಕೆ ಬಂದಿರುವರೆಂದು ಕೇಳಿ ಆನಂದನು ಊರ ನಡುವೆ ಕಾಲ್ನಡಿಗೆಯಲ್ಲಿಯೇ ಹೋದನು. ವ್ರತ ಸ್ವೀಕರಿಸಿ ಮರಳಿದ ಮೇಲೆ ಪತ್ನಿ ಶಿವಾನಂದೆಯನ್ನು ಕಳುಹಿಸಿದನು. ಆಕೆ ಉತ್ತಮವಾದ ವಾಹನವೇರಿ ಹೋಗಿ ಶ್ರಾವಿಕೆಯಾದಳು. ನಡೆದವನನ್ನು ಆಗಮವು ಹೊಗಳಲಿಲ್ಲ, ವಾಹನವೇರಿದವಳನ್ನು ತೆಗಳಲಿಲ್ಲ. ವಾಹನವನ್ನು ಬಳಸುವುದು ದೋಷವಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಎತ್ತು ಕಟ್ಟಿದ ಬಂಡಿಗೆ ಒಂದು ಸ್ವಾಭಾವಿಕ ಮಿತಿಯಿತ್ತು. ಬಳಸದ ದಿನವೂ ಎತ್ತಿಗೆ ಮೇವು ಬೇಕು, ನೀರು ಬೇಕು, ಆರೈಕೆಗೆ ಆಳು ಬೇಕು. ಬೇಡದ ಎತ್ತು ಕೊಟ್ಟಿಗೆಯಿಂದ ಕೂಗಿ ಕೂಗಿ ತನ್ನ ಒಡೆಯನಿಗೆ ಲೆಕ್ಕ ಒಪ್ಪಿಸುತ್ತಿತ್ತು. ಯಂತ್ರದ ವಾಹನ ಬಂದ ಮೇಲೆ ಆ ಕೂಗು ನಿಂತಿತು. ಹೈದರಾಬಾದಿನ ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಸಿಂಹಾಸನದಂಥ ಪೀಠವಿರುವ ರೋಲ್ಸ್ ರಾಯ್ಸ್ ಕಾರೊಂದನ್ನು ಮಾಡಿಸಲು ಹೇಳಿದರು. ೧೯೧೧ರಲ್ಲಿ ಅವರು ತೀರಿಕೊಂಡರು. ಅನಂತರ ಬಂದು ಸೇರಿದ ಆ ಕಾರು ಚೌಮಹಲ್ಲಾ ಅರಮನೆಯಲ್ಲಿ ಪ್ರದರ್ಶನಕ್ಕಿದೆ. ಅದು ತನ್ನ ಆಯುಷ್ಯದಲ್ಲಿ ಓಡಿದ್ದು ನಾಲ್ಕು ನೂರು ಮೈಲಿಯೂ ಇಲ್ಲ.

ಅರಸರ ಹವ್ಯಾಸವು ಸಾಮಾನ್ಯರ ಮನೆಗೆ ಇಳಿದದ್ದು ಅಮೆರಿಕದಲ್ಲಿ. ಫೋರ್ಡ್ ಕಂಪನಿಯು ೧೯೦೮ರಿಂದ ೧೯೨೭ರವರೆಗೆ ಒಂದೇ ಮಾದರಿಯ ಒಂದೂವರೆ ಕೋಟಿ ಕಾರುಗಳನ್ನು ಮಾಡಿತು. ಕಾರು ಬೇಕಾದವರಲ್ಲಿ ಬಹುಮಂದಿಗೆ ಕಾರು ಸಿಕ್ಕಿತು. ಬೇಕಾದವನಿಗೆ ಸಿಕ್ಕಿದ ಮೇಲೆ ವ್ಯಾಪಾರಿಯು ಮಾಡುವುದೇನು? ಉತ್ತರವನ್ನು ಕಂಡುಕೊಂಡದ್ದು ಜನರಲ್ ಮೋಟಾರ್ಸ್. ಅದು ೧೯೧೯ರಲ್ಲಿಯೇ ಕಂತಿನ ಸಾಲಕ್ಕೆ ಪ್ರತ್ಯೇಕ ಸಂಸ್ಥೆಯನ್ನು ತೆರೆದಿತ್ತು. ಆಲ್ಫ್ರೆಡ್ ಸ್ಲೋನರ ಆಡಳಿತದಲ್ಲಿ ವರ್ಷ ವರ್ಷವೂ ಕಾರಿನ ಹೊರರೂಪವನ್ನು ಬದಲಿಸತೊಡಗಿತು. ಅದೇ ಕಂಪನಿಯ ಸಂಶೋಧನಾ ವಿಭಾಗದ ಮುಖ್ಯಸ್ಥ ಚಾರ್ಲ್ಸ್ ಕೆಟರಿಂಗ್ ೧೯೨೯ರಲ್ಲಿ ಒಂದು ಲೇಖನ ಬರೆದು, ಗ್ರಾಹಕನನ್ನು ಸದಾ ಅತೃಪ್ತನಾಗಿಯೇ ಇರಿಸಬೇಕೆಂದು ಮುಚ್ಚುಮರೆಯಿಲ್ಲದೆ ಪ್ರತಿಪಾದಿಸಿದನು. ಪ್ರಭಾಚಂದ್ರರು ವಿಸ್ಮಯವೆಂದು ಕರೆದು ದೋಷದ ಪಟ್ಟಿಯಲ್ಲಿ ವಿವರಿಸಿದ್ದನ್ನು, ನೆರೆಯವನ ಗಳಿಕೆಯನ್ನು ಕಂಡು ಕೊರಗುವುದನ್ನು, ಒಂದು ಉದ್ಯಮವು ತನ್ನ ಮೂಲ ಬಂಡವಾಳವನ್ನಾಗಿ ಮಾಡಿಕೊಂಡಿತು.

ನಮ್ಮ ದೇಶದಲ್ಲಿ ಕಥೆ ಬೇರೆಯಾಗಿತ್ತು. ಸ್ವಾತಂತ್ರ್ಯಾನಂತರ ಬಹುಕಾಲ ಅಂಬಾಸಡರ್, ಫಿಯೆಟ್, ಸ್ಟಾಂಡರ್ಡ್ ಬಿಟ್ಟರೆ ಕೊಳ್ಳುವುದಕ್ಕೆ ಬೇರೆ ಹೆಚ್ಚೇನೂ ಇರಲಿಲ್ಲ. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ದೊಡ್ಡ ಮಂಡಿಯ ಸಾಹುಕಾರರ ಮನೆಯಲ್ಲಿಯೂ ಒಂದೇ ಕಾರು; ಅದರಲ್ಲಿಯೇ ಬಸದಿಗೆ, ಅದರಲ್ಲಿಯೇ ಮದುವೆಗೆ, ಅದರಲ್ಲಿಯೇ ನೆರೆಮನೆಯ ಬಾಣಂತಿ ಆಸ್ಪತ್ರೆಗೆ. ಆ ಕಾಲದವರು ಸರಳರಾಗಿದ್ದರೆಂದು ಹೇಳುವುದು ವಾಡಿಕೆ. ಅದು ಪೂರ್ತಿ ನಿಜವಲ್ಲ. ಸಿಗದಿದ್ದುದನ್ನು ಇಟ್ಟುಕೊಳ್ಳದಿರುವುದು ವ್ರತವಾಗದು, ಅದು ಅಭಾವ. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ಕಾರು ರಸ್ತೆಗೆ ಬಂತು. ೧೯೯೩ರಲ್ಲಿ ಕಾರು ತಯಾರಿಕೆಗೆ ಪರವಾನಗಿಯ ಕಟ್ಟು ಸಡಿಲವಾಯಿತು. ಬ್ಯಾಂಕುಗಳು ತಾವಾಗಿಯೇ ಸಾಲವನ್ನು ಮುಂದಿಟ್ಟವು. ಪರಿಗ್ರಹ ಪರಿಮಾಣದ ನಿಜವಾದ ಪರೀಕ್ಷೆ ಆರಂಭವಾದದ್ದು ಅಂದಿನಿಂದ. ಬೆಂಗಳೂರೊಂದರಲ್ಲಿಯೇ ನೋಂದಣಿಯಾದ ವಾಹನಗಳು ಈಗ ಒಂದು ಕೋಟಿಯನ್ನು ಮೀರಿವೆ.

ವರ್ತಕರ ಮನೆಗಳಲ್ಲಿ ಎರಡನೆಯ ಮತ್ತು ಮೂರನೆಯ ಕಾರು ಬರುವ ದಾರಿ ಬಹುಮಟ್ಟಿಗೆ ಒಂದೇ. ವರ್ಷದ ಕೊನೆಯಲ್ಲಿ ಲಾಭ ಹೆಚ್ಚಾಗಿದೆ, ಅಂಗಡಿಯ ಹೆಸರಿನಲ್ಲಿ ಒಂದು ಕಾರು ಕೊಂಡರೆ ಸವಕಳಿ ಸಿಗುತ್ತದೆ, ತೆರಿಗೆ ಉಳಿಯುತ್ತದೆ ಎಂಬ ಸಲಹೆ. ಲೆಕ್ಕ ಬಲ್ಲವರು ಇದನ್ನು ಒಮ್ಮೆ ಕೂಡಿಸಿ ನೋಡಬೇಕು. ಹತ್ತು ಲಕ್ಷದ ಕಾರಿಗೆ ಶೇಕಡ ೧೫ರಂತೆ ಇಳಿಮುಖದ ಬೆಲೆಯ ಮೇಲೆ ಸವಕಳಿ ಹಿಡಿದರೆ ಐದು ವರ್ಷಕ್ಕೆ ಪುಸ್ತಕದಲ್ಲಿ ಉಳಿಯುವುದು ೪ ಲಕ್ಷ ೪೪ ಸಾವಿರ. ಐದೂವರೆ ಲಕ್ಷ ಕರಗಿತು. ಉಳಿದ ತೆರಿಗೆ ಅದರ ಒಂದು ಭಾಗ ಮಾತ್ರ. ವಿಮೆ, ದುರಸ್ತಿ, ನಿಲ್ಲಿಸುವ ಜಾಗ ಬೇರೆ. ಗೋದಾಮಿನಲ್ಲಿ ಇಂಥ ಸರಕು ಬಿದ್ದಿದ್ದರೆ ಯಾವ ವರ್ತಕನೂ ಅದನ್ನು ಆಸ್ತಿಯೆಂದು ಹೆಮ್ಮೆಪಡುವುದಿಲ್ಲ. ಖಾಸಗಿ ಕಾರು ತನ್ನ ಆಯುಷ್ಯದ ನೂರಕ್ಕೆ ೯೫ ಪಾಲು ಕಾಲ ನಿಂತೇ ಇರುತ್ತದೆಂದು ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ತಮ್ಮ ೨೦೦೫ರ ಗ್ರಂಥದಲ್ಲಿ ತೋರಿಸಿದರು. ಅದು ಸರಾಸರಿ ಕಾರಿನ ಮಾತು. ಮೂರನೆಯದರ ಪಾಡನ್ನು ಹೇಳಬೇಕಾಗಿಲ್ಲ.

ಹಣ ಅವರದು, ನಷ್ಟ ಅವರದು, ಇದರಲ್ಲಿ ಹಿಂಸೆ ಎಲ್ಲಿಂದ ಬಂತೆಂದು ಕೇಳಬಹುದು. ಕಾರಿಗೆ ಬಾಸುಂಡೆಯಿಲ್ಲ, ಬಾಯಿಯಲ್ಲಿ ನೊರೆಯಿಲ್ಲ. ಆದರೆ ಹೊರೆಯು ಮಾಯವಾಗಲಿಲ್ಲ, ಕಣ್ಣಿಗೆ ಬೀಳದ ಕಡೆಗೆ ಸರಿಯಿತು. ಜಗತ್ತಿನ ಸರಾಸರಿ ಕಾರಿನಲ್ಲಿ ಸುಮಾರು ೯೦೦ ಕಿಲೋ ಉಕ್ಕು ಮತ್ತು ಕಬ್ಬಿಣ ಇರುತ್ತದೆ. ಅದಿರಿನಿಂದ ಒಂದು ಟನ್ನು ಉಕ್ಕು ತೆಗೆಯಲು ಸುಮಾರು ಒಂದೂವರೆ ಟನ್ನು ಅದಿರು ಬೇಕು. ಆ ಅದಿರು ಎಲ್ಲಿಂದಲೋ ಬರುತ್ತದೆಂದು ಕರ್ನಾಟಕದವರು ಹೇಳುವಂತಿಲ್ಲ. ಬಳ್ಳಾರಿ, ಸಂಡೂರುಗಳ ಬೆಟ್ಟಗಳು ಹೇಗೆ ಬಗೆಯಲ್ಪಟ್ಟವೆಂಬುದನ್ನು ಲೋಕಾಯುಕ್ತರ ೨೦೦೮ ಮತ್ತು ೨೦೧೧ರ ವರದಿಗಳು ದಾಖಲಿಸಿವೆ. ೨೦೧೧ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಆ ವರದಿಗಳು ಎತ್ತಿ ತೋರಿದ ಅಕ್ರಮಗಳಲ್ಲಿ ಲಾರಿಗಳಿಗೆ ಮಿತಿಮೀರಿ ಅದಿರು ತುಂಬಿದ್ದೂ ಒಂದು. ಸಮಂತಭದ್ರರ ಐದನೆಯ ಅತಿಚಾರದ ಹೆಸರು ಇಲ್ಲಿ ಅಕ್ಷರಶಃ ಒಪ್ಪುತ್ತದೆ. ಆ ಅದಿರೆಲ್ಲವೂ ಕಾರಾಗಲಿಲ್ಲ, ಬಹುಪಾಲು ಹಡಗೇರಿ ಪರದೇಶಕ್ಕೆ ಹೋಯಿತು ಎಂಬುದು ನಿಜ. ಬೇಡಿಕೆಯಿಲ್ಲದೆ ಬೆಟ್ಟವನ್ನು ಅಗೆಯುವವರು ಯಾರೂ ಇಲ್ಲವೆಂಬುದೂ ಅಷ್ಟೇ ನಿಜ. ಶಕಟಕರ್ಮ, ಭಾಟಕಕರ್ಮಗಳನ್ನು, ಎಂದರೆ ಬಂಡಿ ಮಾಡಿ ಮಾರುವುದನ್ನು ಮತ್ತು ಬಾಡಿಗೆಗೆ ಓಡಿಸುವುದನ್ನು, ಹದಿನೈದು ನಿಷಿದ್ಧ ಉದ್ಯೋಗಗಳಲ್ಲಿ ಪೂರ್ವಿಕರು ಏಕೆ ಸೇರಿಸಿದರೆಂದು ಈಗ ತಿಳಿಯುವುದು ಕಷ್ಟವಲ್ಲ.

ಇದನ್ನು ಸರಕಾರವೇ ಕಾನೂನಿನಿಂದ ತಡೆಯಲಿ ಎಂಬ ಮಾತೂ ಕೇಳಿಬರುತ್ತದೆ. ಮೆಕ್ಸಿಕೋ ನಗರದಲ್ಲಿ ೧೯೮೯ರಲ್ಲಿ ಒಂದು ನಿಯಮ ಬಂತು: ನೋಂದಣಿ ಸಂಖ್ಯೆಯ ಕೊನೆಯ ಅಂಕಿಯನ್ನು ನೋಡಿ ವಾರಕ್ಕೊಂದು ದಿನ ಪ್ರತಿಯೊಂದು ಕಾರನ್ನೂ ಮನೆಯಲ್ಲಿ ನಿಲ್ಲಿಸಬೇಕು. ಜನರು ಏನು ಮಾಡಿದರು? ಬೇರೆ ಅಂಕಿಯ ಮತ್ತೊಂದು ಹಳೆಯ ಕಾರನ್ನು ಕೊಂಡರು. ಅಲ್ಲಿನ ಗಾಳಿಯು ಶುದ್ಧವಾಗಲಿಲ್ಲ, ವಾಹನಗಳ ಸಂಖ್ಯೆ ಮಾತ್ರ ಹೆಚ್ಚಿತೆಂದು ಅರ್ಥಶಾಸ್ತ್ರಜ್ಞ ಲ್ಯೂಕಸ್ ಡೇವಿಸ್ ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ತಿಳಿಯಿತು. ಬಳಕೆಗೆ ಮಿತಿಯಿಟ್ಟು ಸಂಗ್ರಹಕ್ಕೆ ಮಿತಿಯಿಡದ ಕಾನೂನು ಬೇಡದ ಕಾರನ್ನು ತಾನೇ ಹುಟ್ಟಿಸಿತು. ಸಿಂಗಪುರವು ಬೇರೆ ದಾರಿ ಹಿಡಿಯಿತು. ೧೯೯೦ರಿಂದ ಅಲ್ಲಿ ಕಾರಿಟ್ಟುಕೊಳ್ಳುವ ಹಕ್ಕನ್ನೇ ಹರಾಜಿನಲ್ಲಿ ಕೊಳ್ಳಬೇಕು. ೨೦೨೩ರಲ್ಲಿ ಆ ಹಕ್ಕಿನ ಬೆಲೆ ಒಂದು ಲಕ್ಷ ಸಿಂಗಪುರ ಡಾಲರನ್ನು ದಾಟಿತು. ಸಂಖ್ಯೆ ಹತೋಟಿಗೆ ಬಂದಿದೆ, ನಿಜ. ಆದರೆ ಕಾರು ಅಲ್ಲಿ ಸಿರಿವಂತಿಕೆಯ ಪದಕವಾಯಿತು. ವಿಸ್ಮಯವೆಂಬ ಅತಿಚಾರ ಕಡಿಮೆಯಾಗಲಿಲ್ಲ.

ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹಾಲಯವಿದೆಯಲ್ಲ ಎಂದು ಕೇಳುವವರಿಗೆ ಉತ್ತರ ಸುಲಭ. ನಾಲ್ಕು ಜನರು ನೋಡಿ ತಿಳಿಯಲೆಂದು ತೆರೆದಿಟ್ಟ ಹಳೆಯ ವಸ್ತು ಮನೆಯ ಪರಿಗ್ರಹವಲ್ಲ. ಹಾಗೆಯೇ ರಾತ್ರಿ ಹೊತ್ತು ಕರೆಬಂದಾಗ ಓಡಬೇಕಾದ ವೈದ್ಯರ, ನಡೆಯಲಾರದ ಹಿರಿಯರಿರುವ ಮನೆಯ ಎರಡನೆಯ ಕಾರನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯುವುದು ನ್ಯಾಯವಲ್ಲ. ಲೆಕ್ಕಕ್ಕೆ ಹಿಡಿಯಬೇಕಾದ್ದು ಬೇರೆಯೇ ಇದೆ. ಬೆಳಗಾವಿ ಸೀಮೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರ ಮಹಾರಾಜರು ೧೯೨೭ರಲ್ಲಿ ಸಂಘದೊಡನೆ ದಕ್ಷಿಣದಿಂದ ಸಮ್ಮೇದಶಿಖರಕ್ಕೆ ನಡೆದುಹೋದರು. ಮುನಿಗಳು ಇಂದಿಗೂ ನಡೆದೇ ವಿಹಾರ ಮಾಡುತ್ತಾರೆ. ಅವರನ್ನು ಬೀಳ್ಕೊಡಲು ಹೊರಟ ಶ್ರಾವಕರ ಕಾರುಗಳ ಸಾಲು ಮಾತ್ರ ಹಿಂದಿನಿಂದ ಅರ್ಧ ಮೈಲಿ ಹಬ್ಬಿರುತ್ತದೆ, ಒಂದೊಂದರಲ್ಲಿ ಒಬ್ಬೊಬ್ಬರು. ಒಂದೇ ಮನೆಯಿಂದ ತಂದೆ ಒಂದರಲ್ಲಿ, ಮಗ ಇನ್ನೊಂದರಲ್ಲಿ.

ಆನಂದ ಗೃಹಪತಿಯು ಹದಿನಾಲ್ಕು ವರ್ಷ ವ್ರತವನ್ನು ಪಾಲಿಸಿದ ಮೇಲೆ ಬಂಧುಗಳನ್ನು ಕರೆದು ಉಣಬಡಿಸಿ, ಹಿರಿಯ ಮಗನಿಗೆ ಮನೆತನದ ಭಾರವನ್ನು ಒಪ್ಪಿಸಿ, ಕೊಲ್ಲಾಗ ಸನ್ನಿವೇಶದ ಪೌಷಧಶಾಲೆಗೆ ಹೋದನೆಂದು ಆಗಮವು ಹೇಳುತ್ತದೆ. ಸಾವಿರ ಬಂಡಿಗಳು ಮಗನ ಖಾತೆಗೆ ಬಂದವು. ಮಗನು ಅವುಗಳನ್ನು ಎಣಿಸಿಕೊಂಡನೇ ಎಂಬುದನ್ನು ಆಗಮವು ಹೇಳಿಲ್ಲ.