ಟಿ.ವಿ. ಕೆಟ್ಟಾಗ: ವಾಲ್ವಿನಿಂದ ತೆಳು ಪರದೆಯವರೆಗೆ

ಮಾಳಿಗೆಯ ಮೇಲೆ ಒಬ್ಬರು ಆಂಟೆನಾ ತಿರುಗಿಸುವುದು, ಅಂಗಳದಲ್ಲಿ ನಿಂತ ಇನ್ನೊಬ್ಬರು ‘ಬಂತು, ಬಂತು... ಅಯ್ಯೋ ಹೋಯ್ತು, ಸ್ವಲ್ಪ ಎಡಕ್ಕೆ!’ ಎಂದು ಕೂಗುವುದು - 1980ರ ದಶಕವನ್ನು ಕಂಡವರಿಗೆ ಈ ದೃಶ್ಯವನ್ನು ವಿವರಿಸಬೇಕಾಗಿಲ್ಲ. ಚಿತ್ರ ಮೇಲಿಂದ ಕೆಳಕ್ಕೆ ಉರುಳತೊಡಗಿದರೆ ಸೆಟ್ಟಿನ ಗುಂಡಿ ತಿರುಗಿಸುವುದು, ಅದಕ್ಕೂ ಬಗ್ಗದಿದ್ದರೆ ಪೆಟ್ಟಿಗೆಯ ನೆತ್ತಿಗೆ ಒಂದು ಏಟು ಕೊಡುವುದು ಮನೆಮಂದಿಗೆಲ್ಲ ಗೊತ್ತಿದ್ದ ಮದ್ದು. ಆ ಏಟಿಗೂ ಅರ್ಥವಿತ್ತು. ಬಿಟ್ಟುಕೊಂಡ ಬೆಸುಗೆ ಒಂದಿಷ್ಟು ಹೊತ್ತು ಮತ್ತೆ ಕೂಡಿಕೊಳ್ಳುತ್ತಿತ್ತು.

ಇಂದು ಗೋಡೆಗೆ ಅಂಟಿಕೊಂಡಂತಿರುವ ತೆಳು ಟಿ.ವಿ.ಗೆ ಅಂಥ ಗುಂಡಿಯೂ ಇಲ್ಲ, ಏಟು ತಿನ್ನುವ ಮೈಯೂ ಇಲ್ಲ. ಅದು ಕಪ್ಪಾದರೆ ಮನೆಯವರ ಮೊದಲ ಯೋಚನೆಯೇ ಹೊಸದನ್ನು ಕೊಳ್ಳುವುದು. ಕೆಟ್ಟದ್ದನ್ನು ರಿಪೇರಿ ಮಾಡಿಸುವ ರೂಢಿ ಹೀಗೆ ಕಳೆದುಹೋದದ್ದು ಹೇಗೆ? ಯಂತ್ರವೇ ಅಷ್ಟು ಜಟಿಲವಾಯಿತೇ?

ಟಿ.ವಿ.ಯ ಹಳೆಯ ಮೈಗೆ ಆಧಾರವಾದ ಚಿತ್ರನಳಿಗೆಯ ಮೂಲ, ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ 1897ರಲ್ಲಿ ರೂಪಿಸಿದ ಕ್ಯಾಥೋಡ್ ಕಿರಣದ ಕೊಳವೆ. ಭಾರತದಲ್ಲಿ ಪ್ರಾಯೋಗಿಕ ಪ್ರಸಾರ ದೆಹಲಿಯಲ್ಲಿ ಆರಂಭವಾದದ್ದು 1959ರ ಸೆಪ್ಟೆಂಬರ್ 15ರಂದು. ಆಗಿನದು ವಾಲ್ವುಗಳ ಕಾಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ವಾಲ್ವುಗಳ ತಯಾರಿಕೆಯನ್ನು ಕೈಗೊಂಡಿತು. ಮುಂದೆ ಕಪ್ಪು-ಬಿಳುಪು ಚಿತ್ರನಳಿಗೆಗಳನ್ನೂ ತಯಾರಿಸಿತು. ವಾಲ್ವು ಬಲ್ಬಿನಂತೆಯೇ ಸುಟ್ಟುಹೋಗುವ ವಸ್ತು. ಅದು ಕೆಡುತ್ತದೆ ಎಂದು ತಿಳಿದೇ ಅದನ್ನು ಕಿತ್ತು ಬೇರೊಂದನ್ನು ಕೂರಿಸುವಂತೆ ಸಾಕೆಟ್ ಇಡುತ್ತಿದ್ದರು. ಎಷ್ಟೋ ಸೆಟ್ಟುಗಳ ಜೊತೆಗೆ ಸರ್ಕ್ಯೂಟಿನ ನಕ್ಷೆಯೂ ಬರುತ್ತಿತ್ತು. ಅಂದರೆ ರಿಪೇರಿ ಎಂಬುದು ಯಂತ್ರದ ವಿನ್ಯಾಸದೊಳಗೇ ಸೇರಿಕೊಂಡಿತ್ತು.

ರಿಪೇರಿಯ ಮಹತ್ವವನ್ನು ದೇಶ ದೊಡ್ಡ ಪ್ರಮಾಣದಲ್ಲಿ ಕಂಡುಕೊಂಡದ್ದು ‘ಸೈಟ್’ ಪ್ರಯೋಗದಲ್ಲಿ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ತಲುಪಿಸಲಾಯಿತು. ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ ಹತ್ತಡಿ ಅಗಲದ ಆಂಟೆನಾ, ಅದರ ಜೊತೆಗೆ ಹೈದರಾಬಾದಿನ ಇಸಿಐಎಲ್ ತಯಾರಿಸಿದ ಸೆಟ್ಟು. ಆಕಾಶದಿಂದ ಚಿತ್ರ ಇಳಿಸಿದರೆ ಸಾಲದು, ಧೂಳು, ಬಿಸಿಲು, ಏರಿಳಿಯುವ ವಿದ್ಯುತ್ತಿನ ನಡುವೆ ಸೆಟ್ಟು ಬದುಕಿರಬೇಕಲ್ಲ! ಅದಕ್ಕಾಗಿ ಸೆಟ್ಟುಗಳ ನಿರ್ವಹಣೆಗೇ ಪ್ರತ್ಯೇಕ ಜಾಲವನ್ನು ಕಟ್ಟಬೇಕಾಯಿತು. ಉಪಗ್ರಹದಷ್ಟೇ ಮುಖ್ಯ ಬೆಸುಗೆ ಕಡ್ಡಿ ಹಿಡಿದ ತಂತ್ರಜ್ಞ ಎಂಬುದು ಅಲ್ಲಿನ ಪಾಠ.

1981ರಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ಬಂತು. 1982ರಲ್ಲಿ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣವೂ ಬಂತು. ಊರೂರಿನಲ್ಲಿ ‘ರೇಡಿಯೊ-ಟಿ.ವಿ. ರಿಪೇರಿ’ ಎಂಬ ಫಲಕಗಳು ಎದ್ದವು. ಆ ಅಂಗಡಿಯವರಿಗೆ ಪರದೆಯೇ ರೋಗಿಯ ನಾಲಿಗೆಯಿದ್ದಂತೆ. ನಡುವೆ ಒಂದೇ ಒಂದು ಬಿಳಿ ಅಡ್ಡಗೆರೆ ಉಳಿದರೆ ಚಿತ್ರವನ್ನು ಮೇಲೆ ಕೆಳಗೆ ಹರಡುವ ವರ್ಟಿಕಲ್ ಭಾಗ ಕೆಟ್ಟಿದೆ ಎಂದು ಅವರು ದೂರದಿಂದಲೇ ಹೇಳುತ್ತಿದ್ದರು.

ತೆಳು ಪರದೆಯ ಕನಸು ಕೂಡ ಹೊಸದೇನಲ್ಲ. ಪ್ಲಾಸ್ಮಾ ಪರದೆ 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ದ್ರವ ಸ್ಫಟಿಕದ ಪರದೆಯನ್ನು, ಅಂದರೆ ಎಲ್‌ಸಿಡಿಯನ್ನು, ಆರ್‌ಸಿಎ ಸಂಸ್ಥೆಯ ಜಾರ್ಜ್ ಹೈಲ್ಮೈಯರ್ ತಂಡ 1968ರಲ್ಲಿ ಲೋಕಕ್ಕೆ ತೋರಿಸಿತು. ಅದು ಮನೆಮನೆಯ ಟಿ.ವಿ.ಯಾಗಲು ಮತ್ತೂ ಮೂರು ನಾಲ್ಕು ದಶಕ ಹಿಡಿಯಿತು. ಆ ಹೊತ್ತಿಗೆ ನೂರಾರು ಬಿಡಿಭಾಗಗಳ ಕೆಲಸವನ್ನು ಕೆಲವೇ ಚಿಪ್ಪುಗಳು ವಹಿಸಿಕೊಂಡಿದ್ದವು. ನಕ್ಷೆ ಕೊಡುವ ಪದ್ಧತಿ ನಿಂತಿತು. ಒಂದು ಬಿಡಿಭಾಗ ಕೆಟ್ಟರೂ ಇಡೀ ಬೋರ್ಡು ಬದಲಿಸುವುದು ರೂಢಿಯಾಯಿತು.

ಸ್ವಾರಸ್ಯವೆಂದರೆ, ಇಷ್ಟೆಲ್ಲ ಬದಲಾದರೂ ತೆಳು ಟಿ.ವಿ.ಯನ್ನು ಮಲಗಿಸುವುದು ಅನೇಕ ವೇಳೆ ಹಳೆಯ ಕಾಲದ ರೋಗಗಳೇ. ವಿದ್ಯುತ್ತನ್ನು ಹದಗೊಳಿಸುವ ಪವರ್ ಬೋರ್ಡಿನಲ್ಲಿ ಕೆಪಾಸಿಟರ್‌ಗಳಿರುತ್ತವೆ. ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಅವು ಕಂಡೆನ್ಸರ್. ಒಳಗಿನ ರಾಸಾಯನಿಕ ದ್ರವ ಬಿಸಿಗೆ ಒಣಗಿದಂತೆಲ್ಲ ಅವು ಸೊರಗುತ್ತವೆ. 2000ದ ದಶಕದ ಮೊದಲ ವರ್ಷಗಳಲ್ಲಿ ದೋಷಪೂರಿತ ದ್ರವ ತುಂಬಿದ ಕೆಪಾಸಿಟರ್‌ಗಳು ಲೋಕದ ತುಂಬ ಹರಡಿ, ಒಳಗೆ ಅನಿಲ ಕೂಡಿ ನೆತ್ತಿ ಉಬ್ಬಿ, ಲೆಕ್ಕವಿಲ್ಲದಷ್ಟು ಕಂಪ್ಯೂಟರು, ಟಿ.ವಿ.ಗಳನ್ನು ಕೆಡಿಸಿದವು. ಕೆಲವೇ ರೂಪಾಯಿಯ ವಸ್ತುವಿಗಾಗಿ ಇಡೀ ಟಿ.ವಿ. ಗುಜರಿಗೆ ಹೋದ ಉದಾಹರಣೆಗಳು ಕಡಿಮೆಯಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿಕೊಂಡಂತೆ!

ಇನ್ನೊಂದು ಹೋಲಿಕೆಯೂ ಇದೆ. ಹಳೆಯ ಅನೇಕ ಸೆಟ್ಟುಗಳಲ್ಲಿ ವಾಲ್ವುಗಳ ತಂತುಗಳನ್ನು ಒಂದರ ಹಿಂದೊಂದರಂತೆ ಜೋಡಿಸುತ್ತಿದ್ದರು. ಒಂದು ಕಡಿದರೆ ಎಲ್ಲವೂ ಆರುತ್ತಿದ್ದವು. ಇಂದಿನ ಎಲ್‌ಇಡಿ ಟಿ.ವಿ.ಯ ಪರದೆಯ ಹಿಂದೆ ಬೆಳಕು ಕೊಡುವ ಪಟ್ಟಿಗಳ ಜೋಡಣೆಯೂ ಹಾಗೆಯೇ. ಮದುವೆಮನೆಯ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಹೋದರೆ ಸಾಲೇ ಆರುವಂತೆ, ಒಂದು ಪುಟ್ಟ ಎಲ್‌ಇಡಿ ಕಡಿದುಹೋದರೆ ಪರದೆಯೇ ಕಪ್ಪಾಗಬಹುದು.

ಹಾಗಾದರೆ ಮನೆಯಲ್ಲೇ ತಿಳಿಯಬಹುದಾದದ್ದೆಷ್ಟು? ಕೆಂಪು ದೀಪವೂ ಉರಿಯದಿದ್ದರೆ ಮೊದಲು ಗೋಡೆಯ ಸಾಕೆಟ್, ಪ್ಲಗ್ಗು, ತಂತಿಗಳನ್ನು ನೋಡಬೇಕು. ಅವೆಲ್ಲ ಸರಿಯಿದ್ದರೆ ಅನುಮಾನ ಪವರ್ ಬೋರ್ಡಿನ ಮೇಲೆ. ದೀಪ ಪದೇಪದೇ ಮಿನುಗುತ್ತಿದ್ದರೆ ಎಣಿಸಿಟ್ಟುಕೊಳ್ಳುವುದು ಒಳ್ಳೆಯದು. ಕೆಲವು ಕಂಪನಿಗಳು ದೋಷವನ್ನು ಮಿನುಗಿನ ಸಂಖ್ಯೆಯಲ್ಲೇ ಸೂಚಿಸುತ್ತವೆ. ಧ್ವನಿ ಇದ್ದು ಚಿತ್ರವಿಲ್ಲದಿದ್ದರೆ ಕೋಣೆಯನ್ನು ಕತ್ತಲು ಮಾಡಿ ಪರದೆಗೆ ಓರೆಯಾಗಿ ಟಾರ್ಚು ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಪರದೆ ಕೆಟ್ಟಿಲ್ಲ, ಹಿಂದಿನ ಬೆಳಕು ಹೋಗಿದೆ ಎಂದರ್ಥ, ಅದನ್ನು ಬದಲಿಸಬಹುದು. ಗಾಜೇ ಬಿರುಕು ಬಿಟ್ಟಿದ್ದರೆ ಮಾತ್ರ ಖರ್ಚು ಹೊಸ ಟಿ.ವಿ.ಯ ಬೆಲೆಯ ಹತ್ತಿರ ಹೋಗುತ್ತದೆ.

ಇಷ್ಟಕ್ಕೇ ನಿಲ್ಲುವುದು ಕ್ಷೇಮ. 230 ವೋಲ್ಟಿನ ಮನೆಯ ವಿದ್ಯುತ್ತು ಪವರ್ ಬೋರ್ಡಿನೊಳಗೆ 300 ವೋಲ್ಟಿಗೂ ಮಿಗಿಲಾಗಿ ಸಂಗ್ರಹವಾಗುತ್ತದೆ, ಪ್ಲಗ್ಗು ಕಿತ್ತ ಮೇಲೂ ಕೆಲಕಾಲ ಉಳಿಯಬಲ್ಲದು. ಹಳೆಯ ಬಣ್ಣದ ಚಿತ್ರನಳಿಗೆಯಲ್ಲಂತೂ 20 ಸಾವಿರ ವೋಲ್ಟಿಗೂ ಹೆಚ್ಚು ಇರುತ್ತಿತ್ತು. ಮುಚ್ಚಳ ತೆಗೆಯುವುದು ಕಲಿತವರ ಕೆಲಸ. ಆದರೆ ಏನು ಕೆಟ್ಟಿರಬಹುದು ಎಂದು ತಿಳಿದು ಅಂಗಡಿಗೆ ಹೋಗುವವರು ಸುಲಭವಾಗಿ ಮೋಸಹೋಗಲಾರರು.

ತೊಡಕಿರುವುದು ಅಂಗಡಿಯವನ ಬಳಿ ನಕ್ಷೆ, ಬಿಡಿಭಾಗ ಇಲ್ಲದಿರುವುದರಲ್ಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹುಡುಕಿ ತಂದು ಹೊಂದಿಸಬೇಕು. ಐರೋಪ್ಯ ಒಕ್ಕೂಟ 2021ರ ಮಾರ್ಚ್‌ನಿಂದ ಒಂದು ನಿಯಮ ತಂದಿದೆ. ಅದರಂತೆ ಒಂದು ಮಾದರಿಯ ಕೊನೆಯ ಟಿ.ವಿ. ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ 7 ವರ್ಷ, ಪವರ್ ಬೋರ್ಡು ಮುಂತಾದ ಭಾಗಗಳು ವೃತ್ತಿನಿರತ ರಿಪೇರಿಗಾರರಿಗೆ ಸಿಗಬೇಕು. ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರ್‌ನಲ್ಲಿ ‘ರಿಪೇರಿಯ ಹಕ್ಕು’ ಎಂಬ ಹೆಸರಿನ ಪೋರ್ಟಲ್ ಆರಂಭಿಸಿತು.

ವಾಲ್ವಿನ ಕಾಲದಲ್ಲಿ ಯಾರೂ ಇದನ್ನು ಹಕ್ಕು ಎಂದು ಕರೆಯಲಿಲ್ಲ, ಹಾಗೆ ಕರೆಯುವ ಅಗತ್ಯವೂ ಇರಲಿಲ್ಲ. ಕೆಟ್ಟದ್ದನ್ನು ತೆರೆದು ನೋಡಬಹುದು ಎಂಬ ನಂಬಿಕೆ ಪೆಟ್ಟಿಗೆಯ ಜೊತೆಗೇ ಮನೆಗೆ ಬರುತ್ತಿತ್ತು. ಮುಂದಿನ ಬಾರಿ ಪರದೆ ಕಪ್ಪಾದಾಗ ಹೊಸದರ ಬೆಲೆ ಕೇಳುವ ಮೊದಲು ಒಮ್ಮೆ ಟಾರ್ಚು ಹಿಡಿದು ನೋಡುವುದು ಒಳ್ಳೆಯದು.