ಕೊಡಲಿ, ಗರಗಸ ಮತ್ತು ಕಾಡಿನ ಲೆಕ್ಕ

ಪುಣೆಯಲ್ಲಿ ರಸ್ತೆಯನ್ನು ಅಗಲಗೊಳಿಸುವುದಕ್ಕಾಗಿ ಹಳೆಯ ಆಲದ ಮರವನ್ನು ಉರುಳಿಸುವ ದೃಶ್ಯವು ನಮ್ಮಲ್ಲಿ ಅನೇಕರಿಗೆ ಪರಿಚಿತವಾದುದೇ. ಯಂತ್ರಗರಗಸವು ಮೊರೆಯತೊಡಗಿದರೆ, ಮೂರು ತಲೆಮಾರುಗಳಿಗೆ ನೆರಳಿತ್ತ ಬೊಡ್ಡೆಯು ಹೊತ್ತು ಮುಳುಗುವುದರೊಳಗೆ ತುಂಡುಗಳಾಗಿ ಲಾರಿಯನ್ನು ಏರುತ್ತದೆ. ಈ ಯಂತ್ರ ಬಂದುದೇ ಮರಗಳಿಗೆ ಮೃತ್ಯುವಾಯಿತೆಂದು ನೋಡಿದವರು ಮರುಗುತ್ತಾರೆ. ಈ ಮಾತು ಎಷ್ಟರ ಮಟ್ಟಿಗೆ ದಿಟ? ಪಶ್ಚಿಮ ಕರಾವಳಿಯ ಕಾಡುಗಳ ಚರಿತ್ರೆಯು ಇದಕ್ಕೆ ಬೇರೊಂದು ಉತ್ತರವನ್ನು ಕೊಡುತ್ತದೆ. ಅದರ ಒಂದು ಎಳೆ ಪುಣೆಯಿಂದಲೇ ಹೊರಡುತ್ತದೆ.

ಮೊದಲು ಕೆಲಸದ ರೀತಿಯನ್ನು ನೋಡೋಣ. ಮಹಾವೃಕ್ಷವನ್ನು ಕೆಡಹುವ ಕ್ರಮವು ಕೊಡಲಿಯ ಕಾಲದಿಂದ ಇಂದಿನವರೆಗೆ ಮೂಲತಃ ಒಂದೇ. ಮರ ಬೀಳಬೇಕಾದ ದಿಕ್ಕಿನಲ್ಲಿ ಬುಡದ ಬಳಿ ಬಾಯಿ ತೆರೆದಂತೆ ಒಂದು ಕಚ್ಚು ಮಾಡಬೇಕು. ಅನಂತರ ಹಿಂದಿನಿಂದ, ಆ ಕಚ್ಚಿಗಿಂತ ತುಸು ಮೇಲೆ, ಕೊಯ್ಯುತ್ತ ಬರಬೇಕು. ಎರಡರ ನಡುವೆ ಕೊಯ್ಯದೆ ಉಳಿಸಿದ ಮರದ ಪಟ್ಟಿಯು ಬಾಗಿಲಿನ ತಿರುಗಣಿಯಂತೆ ಕೆಲಸ ಮಾಡಿ, ಮರವನ್ನು ಗೊತ್ತಾದ ಕಡೆಗೆ ಒರಗಿಸುತ್ತದೆ. ಈ ಪಟ್ಟಿಯನ್ನೂ ಕೊಯ್ದುಬಿಟ್ಟರೆ ಮರವು ತನಗೆ ತೋಚಿದ ಕಡೆಗೆ ಬೀಳುತ್ತದೆ. ಗರಗಸವು ಸಿಕ್ಕಿಕೊಳ್ಳದಂತೆ ಹಿಂದಿನಿಂದ ಬೆಣೆ ಹೊಡೆಯುವರು. ಹಲಗೆ ಸೀಳುವುದು ಇದಕ್ಕಿಂತ ದೀರ್ಘವಾದ ಶ್ರಮ. ದಿಮ್ಮಿಯನ್ನು ಗುಂಡಿಯ ಮೇಲೆ ಅಡ್ಡಲಾಗಿರಿಸಿ, ಮೇಲೊಬ್ಬ ಕೆಳಗೊಬ್ಬ ನಿಂತು ಉದ್ದ ಗರಗಸವನ್ನು ಎಳೆಯಬೇಕು. ಮೇಲಿನವನು ಗೆರೆ ತಪ್ಪದಂತೆ ನೋಡಿದರೆ, ಕೆಳಗಿನವನು ಮುಖದ ಮೇಲೆ ಸುರಿಯುವ ಹೊಟ್ಟನ್ನು ಸಹಿಸುತ್ತಿದ್ದನು.

ಕೈಕೆಲಸ ಇಷ್ಟು ನಿಧಾನವಾಗಿದ್ದುದರಿಂದ ಕಾಡು ಸುರಕ್ಷಿತವಾಗಿದ್ದಿತೆಂದು ಭಾವಿಸುವುದು ಸಹಜ. ಆದರೆ ಕಾಲಾನುಕ್ರಮವು ಹಾಗೆ ಹೇಳುವುದಿಲ್ಲ. 18ನೆಯ ಶತಮಾನದಲ್ಲಿಯೇ ಮುಂಬಯಿಯ ಹಡಗುಕಟ್ಟೆಯು ಪಶ್ಚಿಮ ಕರಾವಳಿಯ ತೇಗಕ್ಕೆ ಕೈಚಾಚಿದ್ದಿತು. ವಾಡಿಯಾ ಮನೆತನದವರು ಅಲ್ಲಿ ಕಟ್ಟಿದ ಯುದ್ಧನೌಕೆಗಳಲ್ಲಿ ಒಂದಾದ, 1817ರ 'ಟ್ರಿಂಕೋಮಲೀ', ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ತೇಲುತ್ತ ನಿಂತಿದೆ. ಅದರ ತೇಗವೆಲ್ಲ ಮನುಷ್ಯನ ತೋಳ್ಬಲದಿಂದ ಬಿದ್ದುದು. ಕಡಲಿಗೆ ಸಮೀಪದ ಒಳ್ಳೆಯ ಮರ ಬೇಗ ತೀರುತ್ತ ಬಂದುದರಿಂದಲೇ ಕಂಪನಿ ಸರಕಾರವು 1806ರಲ್ಲಿ ಕ್ಯಾಪ್ಟನ್ ವ್ಯಾಟ್ಸನ್ ಎಂಬವನನ್ನು ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿತು. ಆತನ ಏಕಸ್ವಾಮ್ಯದಿಂದ ವರ್ತಕರೂ ರೈತರೂ ಕಷ್ಟಕ್ಕೊಳಗಾದರು. 1823ರಲ್ಲಿ ಥಾಮಸ್ ಮನ್ರೋ ಆ ಹುದ್ದೆಯನ್ನೇ ತೆಗೆದುಹಾಕಿದನು. ಆಳಿದವರು ಬಯಸಿದ್ದು ಹಡಗಿನ ಮರವನ್ನು, ಕಾಡಿನ ಯೋಗಕ್ಷೇಮವನ್ನಲ್ಲ.

ಇನ್ನು ಪುಣೆಯ ಎಳೆ. ನಗರದ ಹೊರವಲಯದ ದಾಪೋಡಿಯಲ್ಲಿ ಆಗ ಸರಕಾರದ ಸಸ್ಯೋದ್ಯಾನವಿದ್ದಿತು. ಸ್ಕಾಟ್ಲಂಡಿನ ವೈದ್ಯ ಅಲೆಕ್ಸಾಂಡರ್ ಗಿಬ್ಸನ್ 1838ರಲ್ಲಿ ಅದರ ಮೇಲ್ವಿಚಾರಕನಾದನು. ಅವನು ಅಲ್ಲಿಯ ಗಿಡಗಳ ವರ್ಣಚಿತ್ರಗಳನ್ನು ಬರೆಯಿಸಿದನು. ಅವು ಈಗ ಎಡಿನ್‌ಬರೋದ ಸಸ್ಯೋದ್ಯಾನದ ಸಂಗ್ರಹದಲ್ಲಿವೆ. ಮರ ಕಡಿದಲ್ಲಿ ಮಣ್ಣೂ ನೀರೂ ಕೆಡುತ್ತವೆಂದು ಸರಕಾರಕ್ಕೆ ತಿಳಿಯಹೇಳಿದವರಲ್ಲಿ ಅವನೊಬ್ಬನು. 1847ರಲ್ಲಿ ಅವನೇ ಮುಂಬಯಿ ಪ್ರಾಂತದ ಪ್ರಥಮ ಅರಣ್ಯ ಸಂರಕ್ಷಕನಾದನು. ಧಾರವಾಡ, ಬೆಳಗಾವಿ ಜಿಲ್ಲೆಗಳು ಆಗ ಈ ಪ್ರಾಂತಕ್ಕೇ ಸೇರಿದ್ದುವು. ಉತ್ತರ ಕನ್ನಡವು ಮದರಾಸಿನಿಂದ ಇತ್ತ ಬಂದುದು 1862ರಲ್ಲಿ. ಗಿಬ್ಸನ್ ಅಧಿಕಾರದಲ್ಲಿದ್ದಾಗಲೇ ರೈಲು ಬಂದಿತು: 1853ರಲ್ಲಿ ಮುಂಬಯಿಯಿಂದ ಠಾಣೆಗೆ, 1858ರಲ್ಲಿ ಖಂಡಾಲೆಯಿಂದ ಪುಣೆಗೆ. ಒಂದು ಮೈಲು ಹಾದಿಗೆ ಸುಮಾರು 1,760ರಿಂದ 2,000 ಅಡ್ಡಪಟ್ಟಿಗಳು ಬೇಕಾಗುತ್ತಿದ್ದುವು. ಕೊಡಲಿ ಹಳೆಯದೇ, ಬೇಡಿಕೆ ಮಾತ್ರ ಹೊಸದು.

ಈ ಬೇಡಿಕೆಗೆ ಕಟ್ಟು ಹಾಕುವ ಉಪಾಯವು ಬರ್ಮಾದ ಪೆಗುವಿನಲ್ಲಿ ರೂಪುಗೊಂಡಿತು. 1856ರಿಂದ ಅಲ್ಲಿದ್ದ ಜರ್ಮನ್ ವಿದ್ವಾಂಸ ಡೀಟ್ರಿಕ್ ಬ್ರಾಂಡಿಸ್ ತೇಗದ ಮರಗಳನ್ನು ಸುತ್ತಳತೆಯ ಪ್ರಕಾರ ವರ್ಗಗಳಾಗಿ ವಿಂಗಡಿಸಿ ಎಣಿಸಿದನು. ಆರು ಅಡಿ ಮತ್ತು ಅದಕ್ಕೆ ಮೀರಿದ ಸುತ್ತಳತೆಯದು ಮೊದಲನೆಯ ವರ್ಗ. ಕೆಳಗಿನ ವರ್ಗದಿಂದ ವರ್ಷಕ್ಕೆ ಎಷ್ಟು ಮರಗಳು ಮೇಲಿನ ವರ್ಗಕ್ಕೆ ಬೆಳೆದು ಬರುವುವೋ ಅಷ್ಟನ್ನೇ ಕಡಿಯಬೇಕೆಂಬುದು ಅವನ ಸೂತ್ರ. ಬ್ಯಾಂಕಿನ ಲೆಕ್ಕದಲ್ಲಿ ಕಾಲ ಕಳೆಯುವ ನಮ್ಮಂಥವರಿಗೆ ಇದು ಸುಲಭವಾಗಿ ತಿಳಿಯುತ್ತದೆ: ನಿಂತ ಕಾಡು ಅಸಲು, ವರ್ಷದ ಬೆಳವಣಿಗೆ ಬಡ್ಡಿ, ಬಡ್ಡಿಯನ್ನು ಮಾತ್ರ ಉಣ್ಣಬೇಕು. 1864ರಲ್ಲಿ ಅವನು ಇಡೀ ದೇಶದ ಅರಣ್ಯಗಳಿಗೆ ಮಹಾನಿರೀಕ್ಷಕನಾದನು. ಆದರೆ ಅವನ ಹಿಂದೆಯೇ ಬಂದ 1878ರ ಕಾಯಿದೆಯು ಹಳ್ಳಿಗರ ಹಕ್ಕನ್ನು ಮೊಟಕುಗೊಳಿಸಿತು. ಲೆಕ್ಕ ಬರೆಯುವವನ ಕೈಗೇ ಭಂಡಾರದ ಬೀಗದ ಕೈಯೂ ಸೇರಿತು.

ಯಂತ್ರಗರಗಸವು ಈ ಕಥೆಗೆ ತೀರ ತಡವಾಗಿ ಪ್ರವೇಶಿಸುತ್ತದೆ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ತಿನಿಂದಲೂ 1929ರಲ್ಲಿ ಪೆಟ್ರೋಲಿನಿಂದಲೂ ನಡೆಯುವ ಗರಗಸಗಳನ್ನು ತಂದನು; ಅವನ್ನು ಹಿಡಿಯಲು ಇಬ್ಬರು ಬೇಕಾಗುತ್ತಿದ್ದರು. 1946ರಲ್ಲಿ ಅಮೇರಿಕದ ಜೋಸೆಫ್ ಕಾಕ್ಸ್, ಮರ ಕೊರೆಯುವ ಹುಳುವು ಎಡಕ್ಕೂ ಬಲಕ್ಕೂ ಕಡಿಯುತ್ತ ಸಾಗುವುದನ್ನು ನೋಡಿ, ಸರಪಳಿಯ ಹಲ್ಲಿಗೆ ಹೊಸ ಆಕಾರ ಕೊಟ್ಟನು. 1950ರ ಹೊತ್ತಿಗೆ ಒಬ್ಬನೇ ಹಿಡಿಯಬಹುದಾದ ಯಂತ್ರವು ಸಿದ್ಧವಾಯಿತು. ಅಲಗಿಗಿಂತ ಬೊಡ್ಡೆ ದಪ್ಪವಾಗಿದ್ದರೆ ಎರಡೂ ಕಡೆಯಿಂದ ಕೊಯ್ದರಾಯಿತು. ಯಂತ್ರವು ಕಳೆದುದು ಕೇವಲ ಆಯಾಸವನ್ನಲ್ಲ, ಮರುಯೋಚನೆಗೆ ದೊರೆಯುತ್ತಿದ್ದ ಅವಕಾಶವನ್ನೂ. ಕೊಡಲಿಯ ಕಾಲದಲ್ಲಿ ಸುದ್ದಿ ಹಬ್ಬಿ ಜನ ಕೂಡಲು ಹೊತ್ತಿರುತ್ತಿತ್ತು.

ಜನ ಕೂಡಿದ ಉದಾಹರಣೆಯೂ ಉಂಟು. 1983ರ ಸೆಪ್ಟೆಂಬರ್ 8ರಂದು ಶಿರಸಿಯ ಬಳಿಯ ಸಾಲ್ಕಣಿಯವರು ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡರು. ಅದೇ 'ಅಪ್ಪಿಕೋ' ಚಳವಳಿಯ ಆರಂಭ. ಗುತ್ತಿಗೆದಾರರು ಅನುಮತಿಯ ಮಿತಿಯನ್ನು ಮೀರಿ ಮರ ಹಾಳುಮಾಡುತ್ತಿದ್ದಾರೆಂಬುದು ಅವರ ಮುಖ್ಯ ದೂರುಗಳಲ್ಲೊಂದು. ಎಂದರೆ ಜನ ಕೇಳಿದುದೂ ಲೆಕ್ಕವನ್ನೇ. 1996ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯವು ಮಂಜೂರಾದ ಕಾರ್ಯಯೋಜನೆಯಿಲ್ಲದೆ ಕಾಡಿನ ಮರ ಕಡಿಯಕೂಡದೆಂದು ವಿಧಿಸಿತು.

ಪುಣೆಯ ಮರಗಳಿಗೆ 1975ರ ನಗರವೃಕ್ಷ ಕಾಯಿದೆಯಿದೆ. 2021ರ ತಿದ್ದುಪಡಿಯು 50 ವರ್ಷ ಮೀರಿದವನ್ನು ಪಾರಂಪರಿಕ ವೃಕ್ಷಗಳೆಂದು ಕರೆದು, ಕಡಿದ ಮರದ ವಯಸ್ಸಿನಷ್ಟು ಸಸಿಗಳನ್ನು ನೆಡಬೇಕೆಂದಿತು. ನೂರು ವರ್ಷದ ಆಲಕ್ಕೆ ನೂರು ಸಸಿಗಳು. ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಕೊಟ್ಟದ್ದು ನಗದು, ಪಡೆದದ್ದು ಸಾಲಪತ್ರ. ಆ ಪತ್ರಗಳಲ್ಲಿ ಎಷ್ಟು ವಸೂಲಾಗುವುವೆಂದು ಪ್ರತಿ ಬೇಸಿಗೆಯಲ್ಲೂ ಹೋಗಿ ಎಣಿಸುವವರು ಬೇಕು. ಗರಗಸಕ್ಕೆ ದಾಕ್ಷಿಣ್ಯವಿಲ್ಲ, ಕೊಡಲಿಗೂ ಇರಲಿಲ್ಲ. ಮರವನ್ನು ಉಳಿಸಿದುದು ಎಂದೂ ಎಣಿಸುವವರ ಪ್ರಾಮಾಣಿಕತೆಯೇ.