ಆರೋಗ್ಯಾಡಳಿತದ ವಿಕೇಂದ್ರೀಕರಣ, ಪುಣೆ ಜಿಲ್ಲೆಯಲ್ಲಿ

ಆಸ್ಪತ್ರೆ, ಲಸಿಕೆ, ಸಾಂಕ್ರಾಮಿಕ ರೋಗ ತಡೆ, ತಾಯಿ-ಮಗುವಿನ ಆರೈಕೆ ಮುಂತಾದವುಗಳ ಆಡಳಿತ ರಾಜಧಾನಿಯಿಂದ ಜಿಲ್ಲೆಗೂ ಜಿಲ್ಲೆಯಿಂದ ತಾಲ್ಲೂಕು, ಹಳ್ಳಿಗಳಿಗೂ ಇಳಿದುಬಂದ ಕ್ರಮ. ಜೊತೆಗೆ ಆ ಆಡಳಿತ ನಡೆಸುವವರನ್ನು ಸ್ಥಳದಲ್ಲೇ ಸಜ್ಜುಗೊಳಿಸುವ ಪ್ರಯತ್ನಗಳ ಚರಿತ್ರೆ. ಮಹಾರಾಷ್ಟ್ರದಲ್ಲಿ ಇದರ ಹಲವು ಪ್ರಯೋಗಗಳು ಪುಣೆಯ ಸುತ್ತಮುತ್ತ ನಡೆದಿವೆ. ಇಲ್ಲಿ ಕೆಲಸ ಮೊದಲು ಕೆಳಗಿಳಿಯಿತು, ತರಬೇತಿ ತಡವಾಗಿ ಹಿಂಬಾಲಿಸಿತು. ನೇಮಕ, ವರ್ಗಾವಣೆ ಮತ್ತು ಹಣದ ಗಂಟು ಬಹುಮಟ್ಟಿಗೆ ಮೇಲೆಯೇ ಉಳಿದವು.

ಈ ಚರಿತ್ರೆ ಶುರುವಾಗುವುದು ವಿಕೇಂದ್ರೀಕರಣದ ನೇರ ವಿರುದ್ಧದ ಘಟನೆಯಿಂದ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಕೆಲವೇ ತಿಂಗಳಲ್ಲಿ ಪುಣೆಗೆ ಹಬ್ಬಿತು. 1897ರ ಆರಂಭದಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ಅದರ ಬಲದಿಂದ ಡಬ್ಲ್ಯೂ.ಸಿ. ರ‍್ಯಾಂಡ್ ಎಂಬ ಅಧಿಕಾರಿಯ ಕೈಗೆ ನಗರದ ಪ್ಲೇಗು ನಿಯಂತ್ರಣವನ್ನು ಒಪ್ಪಿಸಲಾಯಿತು. ಸಿಪಾಯಿಗಳು ಮನೆಮನೆಗೆ ನುಗ್ಗಿ ಶೋಧಿಸಿದರು. ದೇವರ ಕೋಣೆ, ಅಡುಗೆಮನೆಗಳನ್ನೂ ಬಿಡಲಿಲ್ಲ. ಶಂಕಿತರನ್ನು ಎಳೆದೊಯ್ದು ಶಿಬಿರಕ್ಕೆ ಹಾಕಿದರು, ಸಾಮಾನು ಸುಟ್ಟರು. ಕಾರ್ಕಳದ ಮಾಳದ ಮನೆತನಕ್ಕೆ ಸೇರಿದ ಪಂಡಿತಾ ರಮಾಬಾಯಿ ಪುಣೆಯ ಪ್ಲೇಗು ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳಿಗೆ ಆಗುತ್ತಿದ್ದ ಅವಸ್ಥೆಯ ಬಗ್ಗೆ ಪತ್ರಿಕೆಗೆ ಬರೆದು ಗದ್ದಲವೆಬ್ಬಿಸಿದರು. ಅದೇ ವರ್ಷ ಮಾರ್ಚ್ 10ರಂದು ಸಾವಿತ್ರಿಬಾಯಿ ಫುಲೆ ರೋಗಿಗಳ ಆರೈಕೆ ಮಾಡುತ್ತಲೇ ಪ್ಲೇಗು ತಗುಲಿ ತೀರಿಕೊಂಡರು. ಜೂನ್ 22ರ ರಾತ್ರಿ ಗಣೇಶಖಿಂಡದ ಗವರ್ನರ್ ಬಂಗಲೆಯ ಸಮಾರಂಭ ಮುಗಿಸಿ ಹೊರಟ ರ‍್ಯಾಂಡ್‌ಗೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಕೆಲವು ದಿನಗಳ ಮೇಲೆ ಆತ ಸತ್ತ. ಇದನ್ನು ಸ್ವಾತಂತ್ರ್ಯ ಹೋರಾಟದ ಅಧ್ಯಾಯವಾಗಿ ಓದುವುದು ರೂಢಿ. ಆದರೆ ಆರೋಗ್ಯಾಡಳಿತದ ಪಾಠವಾಗಿಯೂ ಇದಕ್ಕೆ ಸಮನಾದದ್ದು ಸಿಗುವುದು ಕಷ್ಟ: ಸೋಂಕು, ಶೋಧ, ಶಿಬಿರ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡವರು ಊರಿನವರನ್ನು ಮಾತ್ರ ಮರೆತಿದ್ದರು.

1919ರ ಭಾರತ ಸರ್ಕಾರ ಕಾಯಿದೆಯ ನಂತರ ಸಾರ್ವಜನಿಕ ಆರೋಗ್ಯ ಪ್ರಾಂತಗಳ ಪಾಲಿಗೆ ಬಂತು. ಮುಂಬಯಿ ಪ್ರಾಂತದ ಆರೋಗ್ಯ ನಿರ್ದೇಶಕರ ಕಚೇರಿ ಇದ್ದದ್ದು ಪುಣೆಯಲ್ಲಿ. ಆದ್ದರಿಂದ 1956ರ ರಾಜ್ಯ ಪುನರ್ವಿಂಗಡಣೆಯ ತನಕ ಮುಂಬಯಿಗೆ ಸೇರಿದ್ದ ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳ ಆರೋಗ್ಯಾಡಳಿತವೂ ಇದೇ ವ್ಯವಸ್ಥೆಯ ಭಾಗವಾಗಿತ್ತು. 1946ರ ಭೋರ್ ಸಮಿತಿ ಜಿಲ್ಲೆಯನ್ನೇ ಆರೋಗ್ಯ ಸೇವೆಯ ಮೂಲ ಘಟಕವಾಗಿ ಕಂಡು, ಆರಂಭಕ್ಕೆ 40,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕೆಂದಿತು. ಪುಣೆಯ ಬಿ.ಜೆ. ವೈದ್ಯಕೀಯ ಕಾಲೇಜು ಆರಂಭವಾದದ್ದೂ ಅದೇ ವರ್ಷ.

ನಿಜವಾದ ತಿರುವು 1960ರ ದಶಕದ್ದು. ಹೊಸದಾಗಿ ಹುಟ್ಟಿದ ಮಹಾರಾಷ್ಟ್ರದಲ್ಲಿ ಯಶವಂತರಾವ್ ಚವಾಣ್ ಸರ್ಕಾರ ವಸಂತರಾವ್ ನಾಯಕ್ ನೇತೃತ್ವದ ಸಮಿತಿಯ ಶಿಫಾರಸಿನ ಮೇಲೆ 1961ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಪಂಚಾಯತ್ ಸಮಿತಿಗಳ ಕಾಯಿದೆ ತಂದಿತು. 1962ರ ಮೇ 1ರಂದು ಜಿಲ್ಲಾ ಪರಿಷತ್ತುಗಳು ಕೆಲಸ ಆರಂಭಿಸಿದವು. ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ), ಉಪಕೇಂದ್ರ, ಲಸಿಕೆ, ಗ್ರಾಮ ನೈರ್ಮಲ್ಯ ಎಲ್ಲವೂ ಪರಿಷತ್ತಿನ ಪಾಲಿಗೆ ಬಂದವು. ಪರಿಷತ್ತಿಗೆ ಚುನಾಯಿತರ ಆರೋಗ್ಯ ಸಮಿತಿ, ಅದರ ಕೆಲಸ ನಡೆಸಲು ಜಿಲ್ಲಾ ಆರೋಗ್ಯಾಧಿಕಾರಿ, ಎಂದರೆ ಡಿಎಚ್‌ಒ. ಕರ್ನಾಟಕದಲ್ಲಿ 1983ರ ಕಾಯಿದೆಯಂತೆ ಜಿಲ್ಲಾ ಪರಿಷತ್ತುಗಳು ಆರೋಗ್ಯ ಕೇಂದ್ರಗಳನ್ನು ಕೈಗೆತ್ತಿಕೊಂಡದ್ದು 1987ರ ಚುನಾವಣೆಯ ನಂತರ. ಪುಣೆಯವರು ಅಷ್ಟರಲ್ಲಿ ಕಾಲು ಶತಮಾನ ಆಡಳಿತ ನಡೆಸಿದ್ದರು.

ಆದರೆ ಆಗಲೇ ಬಿದ್ದ ಒಂದು ಬಿರುಕು ಈಗಲೂ ಮುಚ್ಚಿಲ್ಲ. ಹಳ್ಳಿಯ ಆರೋಗ್ಯ ಕೇಂದ್ರ ಡಿಎಚ್‌ಒ ಕೈಗೆ ಬಂದರೆ, ಜಿಲ್ಲಾಸ್ಪತ್ರೆಯೂ ಅದರ ಅಡಿಯ ಆಸ್ಪತ್ರೆಗಳೂ ರಾಜ್ಯ ಸರ್ಕಾರದ ಸಿವಿಲ್ ಸರ್ಜನ್ ಬಳಿಯೇ ಉಳಿದವು. ಪಿಎಚ್‌ಸಿ ವೈದ್ಯರು ಪರಿಷತ್ತಿನಲ್ಲಿ ದುಡಿದರೂ ರಾಜ್ಯದ ನೌಕರರು. ಅವರನ್ನು ಎಲ್ಲಿಗೆ ಹಾಕಬೇಕು, ಯಾವಾಗ ಎತ್ತಬೇಕು ಎಂಬುದು ಮುಂಬಯಿಯ ಮಂತ್ರಾಲಯದ ಮಾತು. ಹೆರಿಗೆ ಕಷ್ಟವಾಗಿ ಪಿಎಚ್‌ಸಿಯಿಂದ ಜಿಲ್ಲಾಸ್ಪತ್ರೆಗೆ ಹೊರಟ ಹೆಂಗಸು ಬರೀ ಊರು ದಾಟುವುದಿಲ್ಲ, ಒಂದು ಆಡಳಿತದಿಂದ ಇನ್ನೊಂದಕ್ಕೆ ದಾಟುತ್ತಾಳೆ. ನಗರದ್ದು ಮೂರನೆಯ ಲೆಕ್ಕ: 1950ರಲ್ಲಿ ಸ್ಥಾಪನೆಯಾದ ಪುಣೆ ಮಹಾನಗರ ಪಾಲಿಕೆಗೆ ತನ್ನದೇ ಆರೋಗ್ಯ ಇಲಾಖೆಯಿದೆ, 1982ರಲ್ಲಿ ಪಿಂಪ್ರಿ-ಚಿಂಚವಡವೂ ಪಾಲಿಕೆಯಾಗಿ ನಾಲ್ಕನೆಯದು ಸೇರಿತು.

ಸರ್ಕಾರದ ಕಾಗದಪತ್ರದ ಆಚೆ ಪುಣೆಯ ಸುತ್ತ ನಡೆದ ಪ್ರಯೋಗಗಳೇ ಈ ವಿಷಯದಲ್ಲಿ ಹೆಚ್ಚು ಕಲಿಸಿದವು. ಅವುಗಳಲ್ಲಿ ಮೊದಲನೆಯದು ವಢು ಬುದ್ರುಕ್. ಶಿರೂರು ತಾಲ್ಲೂಕಿನ ಈ ಊರನ್ನು ಸಂಭಾಜಿ ಮಹಾರಾಜರ ಸಮಾಧಿಯಿಂದ ಗುರುತಿಸುವವರೇ ಹೆಚ್ಚು. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಬಾನೂ ಕೊಯಾಜಿ 1972ರಲ್ಲಿ ಅಲ್ಲಿ ಗ್ರಾಮೀಣ ಆರೋಗ್ಯ ಯೋಜನೆ ಆರಂಭಿಸಿದರು. ಪಟ್ಟಣದ ಆಸ್ಪತ್ರೆ ಹಳ್ಳಿಗೆ ಹೋಗಿ ಶಿಬಿರ ಮಾಡಿ ಫೋಟೊ ತೆಗೆಸಿಕೊಂಡು ಬರುವ ಕಾಲದಲ್ಲಿ ಕೊಯಾಜಿ ಸರ್ಕಾರದ ಜೊತೆ ಸೇರಿ ನಿರಂತರ ವ್ಯವಸ್ಥೆಯೊಂದನ್ನು ಕಟ್ಟಿದರು. ಹಳ್ಳಿಯವರನ್ನೇ ಆರಿಸಿ ಆರೋಗ್ಯ ಕಾರ್ಯಕರ್ತರಾಗಿ ತರಬೇತಿ ಕೊಟ್ಟರು. 1977ರಲ್ಲಿ ಕೇಂದ್ರ ಸರ್ಕಾರವೂ ದೇಶದಾದ್ಯಂತ ಅಂಥದೇ ಯೋಜನೆ ತಂದಿತು. ಕೊಯಾಜಿಯವರಿಗೆ 1993ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2002ರಿಂದ ವಢುವಿನ ಸುತ್ತಲ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಹುಟ್ಟು, ಸಾವು, ವಲಸೆಗಳನ್ನು ದಾಖಲಿಸುವ ವ್ಯವಸ್ಥೆ ನಡೆಯುತ್ತಿದೆ. ಕಾರ್ಖಾನೆಗಳು ಬಂದು ಜನ ಬಂದುಹೋಗುವ ಪ್ರದೇಶವಿದು. ಇಲ್ಲಿ ಹತ್ತು ವರ್ಷಕ್ಕೊಮ್ಮೆಯ ಜನಗಣತಿಯನ್ನು ನಂಬಿ ಲಸಿಕೆಯ ಲೆಕ್ಕ ಹಾಕಿದರೆ ಎಷ್ಟೋ ಮಕ್ಕಳು ಲೆಕ್ಕಕ್ಕೇ ಸಿಗಲಾರರು.

ಎರಡನೆಯದು ಡಾ. ಎನ್.ಎಚ್. ಆಂಟಿಯಾ ಅವರದು. ಕುಷ್ಠರೋಗಿಗಳ ಕೈಕಾಲು ಸರಿಪಡಿಸುವುದರಲ್ಲಿ ಹೆಸರು ಮಾಡಿದ ಈ ಪ್ಲಾಸ್ಟಿಕ್ ಸರ್ಜನ್, ಹಳ್ಳಿಯ ಕಾಯಿಲೆಗಳಲ್ಲಿ ಹೆಚ್ಚಿನವಕ್ಕೆ ಡಾಕ್ಟರೇ ಬೇಕಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದರು. 1970ರ ದಶಕದಲ್ಲಿ ಅಲಿಬಾಗ್ ಬಳಿಯ ಮಾಂಡ್ವಾದಲ್ಲಿ ನಡೆಸಿದ ಯೋಜನೆ ಸ್ಥಳೀಯ ರಾಜಕಾರಣ ಮತ್ತು ಅಧಿಕಾರಿವರ್ಗದ ಮುನಿಸಿಗೆ ಸಿಕ್ಕಿ ನಿಂತಿತು. ಕೆಲಸ ಕಲಿತ ಹೆಂಗಸರು ಪ್ರಶ್ನೆ ಕೇಳತೊಡಗಿದರೆ ಯಾರಿಗೆ ಇರುಸುಮುರುಸು ಎಂಬುದು ಅಲ್ಲಿ ತಿಳಿಯಿತು. ಮುಂದೆ ಅವರ ಸಂಸ್ಥೆ ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ಪರಿಂಚೆ ಕಣಿವೆಗೆ ಬಂತು. ಅಲ್ಲಿ ಹೆಚ್ಚು ಓದಿರದ ಹೆಂಗಸರಿಗೆ ತರಬೇತಿ ಕೊಟ್ಟು ‘ತಾಈ’ ಎಂದು ಕರೆದರು. ಮರಾಠಿಯಲ್ಲಿ ಆ ಪದಕ್ಕೆ ಅಕ್ಕ ಎಂದರ್ಥ, ಕನ್ನಡಿಗರಿಗೆ ಕೇಳಿದೊಡನೆ ಹೊಳೆಯುವ ತಾಯಿ ಅಲ್ಲ. ಜ್ವರಕ್ಕೆ ಮಾತ್ರೆ, ಭೇದಿಗೆ ಉಪ್ಪು-ಸಕ್ಕರೆ ನೀರು, ಬಸುರಿಯರ ಮೇಲೆ ಕಣ್ಣು, ಆಸ್ಪತ್ರೆಗೆ ಕಳಿಸಬೇಕಾದವರನ್ನು ಗುರುತಿಸುವುದು: ಇವು ಅವರ ಕೆಲಸ. 1993ರಲ್ಲಿ ಆಂಟಿಯಾ ಕವಿತಾ ಭಾಟಿಯಾ ಅವರೊಂದಿಗೆ ಸಂಪಾದಿಸಿದ ಪುಸ್ತಕ ಜನರ ಆರೋಗ್ಯ ಜನರ ಕೈಯಲ್ಲೇ ಇರಲಿ, ಪಂಚಾಯತ್ ರಾಜ್ ವ್ಯವಸ್ಥೆಯೇ ಅದಕ್ಕೆ ಚೌಕಟ್ಟಾಗಲಿ ಎಂದು ವಾದಿಸಿತು. ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದದ್ದೂ ಅದೇ ವರ್ಷದ ಏಪ್ರಿಲ್ 24ರಂದು. ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಆರೋಗ್ಯ, ನೈರ್ಮಲ್ಯ, ಕುಟುಂಬ ಕಲ್ಯಾಣಗಳೂ ಸೇರಿವೆ.

ಇಂಥ ಪ್ರಯೋಗಗಳಿಗೆ ವಿಚಾರದ ಬೆನ್ನೆಲುಬು ಒದಗಿಸಿದ ವರದಿಯೂ ಪುಣೆಯಿಂದಲೇ ಹೊರಬಂತು. 1978ರ ಆಲ್ಮಾ-ಆಟಾ ಸಮ್ಮೇಳನ ಎಲ್ಲರಿಗೂ ಆರೋಗ್ಯ ಎಂಬ ಗುರಿ ಹಾಕಿದ ಮೇಲೆ, ಭಾರತದ ಸಮಾಜವಿಜ್ಞಾನ ಮತ್ತು ವೈದ್ಯಕೀಯ ಸಂಶೋಧನಾ ಮಂಡಲಿಗಳು ಜೊತೆಯಾಗಿ ಡಾ. ವಿ. ರಾಮಲಿಂಗಸ್ವಾಮಿ ಅಧ್ಯಕ್ಷತೆಯಲ್ಲಿ ಅಧ್ಯಯನ ತಂಡ ರಚಿಸಿದವು. ಅದರ ವರದಿಯನ್ನು 1981ರಲ್ಲಿ ಪ್ರಕಟಿಸಿದ್ದು ಪುಣೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಶನ್, ಜೆ.ಪಿ. ನಾಯಕರು ಕಟ್ಟಿದ ಸಂಸ್ಥೆ. ಮೇಲಿನಿಂದ ಕೆಳಗೆ, ಆಸ್ಪತ್ರೆಯಿಂದ ಹಳ್ಳಿಗೆ ಎಂಬ ಕ್ರಮವನ್ನೇ ತಿರುಗಿಸಿ ಸಮುದಾಯದಿಂದ ಮೇಲಕ್ಕೆ ಹೋಗಬೇಕೆಂದು ಅದು ಹೇಳಿತು. ಕೊಲ್ಲಾಪುರ ಸೀಮೆಯ ನಾಯಕರು ಕನ್ನಡನಾಡಿಗೆ ಪರಕೀಯರಲ್ಲ. 1930ರ ದಶಕದಲ್ಲಿ ಅವರು ಧಾರವಾಡ ಜಿಲ್ಲೆಯ ಉಪ್ಪಿನಬೆಟಗೇರಿಯಲ್ಲಿ ಇದ್ದು ಗ್ರಾಮಸುಧಾರಣೆಯ ಕೆಲಸ ಮಾಡಿದ್ದರು. ದೇಶದ ಶಿಕ್ಷಣ ನೀತಿಯನ್ನು ರೂಪಿಸಿದವರೆಂದೇ ಹೆಸರಾದ ಅವರು, ವರದಿ ಅಚ್ಚಾದ ವರ್ಷವೇ ಆಗಸ್ಟ್‌ನಲ್ಲಿ ತೀರಿಕೊಂಡರು.

ತರಬೇತಿ ಸರ್ಕಾರದ ದೊಡ್ಡ ಕಾರ್ಯಕ್ರಮವಾದದ್ದು 2005ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದ ಮೇಲೆ. ಪ್ರತಿ ಜಿಲ್ಲೆ ತನ್ನದೇ ಕ್ರಿಯಾಯೋಜನೆ ಬರೆಯಬೇಕು. ಹಳ್ಳಿಯ ಆರೋಗ್ಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಬೇಷರತ್ ನಿಧಿ, ಪಿಎಚ್‌ಸಿಗೆ ರೋಗಿ ಕಲ್ಯಾಣ ಸಮಿತಿ. ಇಷ್ಟನ್ನೆಲ್ಲ ನಿಭಾಯಿಸಲು ಡಿಎಚ್‌ಒ ಕಚೇರಿಗೆ ಡಿಪಿಎಂ, ಎಂದರೆ ಜಿಲ್ಲಾ ಕಾರ್ಯಕ್ರಮ ವ್ಯವಸ್ಥಾಪಕ, ಲೆಕ್ಕಿಗ, ದತ್ತಾಂಶ ನೋಡುವವರು ಗುತ್ತಿಗೆಯ ಮೇಲೆ ಬಂದರು. ರಾಜ್ಯದ ಆರೋಗ್ಯ ವ್ಯವಸ್ಥೆ ಸಂಪನ್ಮೂಲ ಕೇಂದ್ರ ಪುಣೆಯಲ್ಲಿ ಸ್ಥಾಪನೆಯಾಯಿತು. ಬಾಣೇರ್ ರಸ್ತೆಯ ರಾಜಭವನ ಆವರಣದಲ್ಲಿ ಯಶದಾ ಇದೆ, ಯಶವಂತರಾವ್ ಚವಾಣ್ ಹೆಸರಿನ ರಾಜ್ಯ ಆಡಳಿತ ತರಬೇತಿ ಸಂಸ್ಥೆ. ಅಲ್ಲಿಗೆ ಪಂಚಾಯತ್ ಸದಸ್ಯರೂ ಅಧಿಕಾರಿಗಳೂ ಪಾಠ ಕೇಳಲು ಬರುತ್ತಾರೆ. ರ‍್ಯಾಂಡ್ ಸಮಾರಂಭ ಮುಗಿಸಿ ಹೊರಟ ಬಂಗಲೆ, ಈಗಿನ ಪುಣೆ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ, ಅಲ್ಲಿಂದ ದೂರವಲ್ಲ.

ಹೊಸ ವ್ಯವಸ್ಥಾಪಕರಿಗೆ ಲೆಕ್ಕ ಗೊತ್ತು, ಸಹಿ ಹಾಕುವ ಅಧಿಕಾರವಿಲ್ಲ; ಸಹಿ ಹಾಕುವ ವೈದ್ಯಾಧಿಕಾರಿಗೆ ಆಡಳಿತ ಕಲಿಸಿದವರಿಲ್ಲ. ಶರೀರಶಾಸ್ತ್ರ ಓದಿ ಬಂದವರ ಮುಂದೆ ಟೆಂಡರು, ಬಳಕೆ ಪ್ರಮಾಣಪತ್ರ, ರಜೆ ಅರ್ಜಿ, ಕೆಟ್ಟ ಜೀಪು ಇವುಗಳ ರಾಶಿ. ಮಾರ್ಚ್ ತಿಂಗಳು ಬಂತೆಂದರೆ ಬೇಷರತ್ ನಿಧಿಯೂ ಷರತ್ತಿನ ನಿಧಿಯಂತೆ ಕಾಣತೊಡಗುತ್ತದೆ: ಏನು ಕೊಂಡರೆ ಆಡಿಟ್‌ನಲ್ಲಿ ಆಕ್ಷೇಪ ಬರುವುದಿಲ್ಲ ಎಂಬುದೇ ಮೊದಲ ಪ್ರಶ್ನೆ.

ಅದೇ ಅಭಿಯಾನದ ಇನ್ನೊಂದು ಕವಲು ಪುಣೆಯಲ್ಲಿ ಚೆನ್ನಾಗಿ ಬೇರುಬಿಟ್ಟಿತು. 2007ರಲ್ಲಿ ಒಂಬತ್ತು ರಾಜ್ಯಗಳಲ್ಲಿ ಸಮುದಾಯ ಆಧಾರಿತ ಮೇಲ್ವಿಚಾರಣೆ ಪ್ರಯೋಗಕ್ಕೆ ಬಂತು, ಕರ್ನಾಟಕವೂ ಅದರಲ್ಲಿತ್ತು. ಮಹಾರಾಷ್ಟ್ರದಲ್ಲಿ ಪುಣೆ, ಠಾಣೆ, ಅಮರಾವತಿ, ನಂದುರಬಾರ್, ಉಸ್ಮಾನಾಬಾದ್ ಜಿಲ್ಲೆಗಳು ಆಯ್ಕೆಯಾದವು. ಪುಣೆಯ ‘ಸಾಥಿ’ ಸಂಸ್ಥೆ ರಾಜ್ಯದ ಹೊಣೆ ಹೊತ್ತಿತು. ಊರಿನವರು ಕೂತು ಲಸಿಕೆ, ಔಷಧಿ, ಹೆರಿಗೆ ಸೇವೆ, ನರ್ಸಮ್ಮನ ಭೇಟಿ ಮುಂತಾದ ಒಂದೊಂದಕ್ಕೂ ಬಣ್ಣ ಕೊಡುತ್ತಾರೆ: ಚೆನ್ನಾಗಿದ್ದರೆ ಹಸಿರು, ಅಷ್ಟಕ್ಕಷ್ಟೆ ಎಂದರೆ ಹಳದಿ, ಕೆಟ್ಟಿದ್ದರೆ ಕೆಂಪು. ಓದು ಬಾರದವರಿಗೂ ತಮ್ಮ ಪಿಎಚ್‌ಸಿಯ ಸ್ಥಿತಿ ಒಂದೇ ನೋಟಕ್ಕೆ ತಿಳಿಯುತ್ತದೆ. ಆಮೇಲೆ ಜನಸುನಾವಣೆ, ಎಂದರೆ ಜನರ ಅಹವಾಲು ಕೇಳುವ ಬಹಿರಂಗ ಸಭೆ. ಶಾಮಿಯಾನದಡಿ ಅಧಿಕಾರಿಗಳು ಒಂದು ಕಡೆ, ಊರವರು ಎದುರಿಗೆ. ಹೊರಗಿನ ಅಂಗಡಿಗೆ ಬರೆದುಕೊಟ್ಟ ಔಷಧಿ ಚೀಟಿಗಳನ್ನು ಹೆಂಗಸರು ಸೆರಗಿನ ಗಂಟಿನಿಂದ ಬಿಚ್ಚಿ ಮೇಜಿನ ಮೇಲಿಡುವಾಗ ಅಂಕಿಅಂಶಕ್ಕೆ ಮುಖ ಮೂಡುತ್ತದೆ. ಔಷಧಿ ಇದ್ದೂ ಹೊರಗೆ ಬರೆದಿದ್ದರೆ ಅಲ್ಲೇ ಉತ್ತರ ಕೊಡಬೇಕು. ಸ್ಥಳದಲ್ಲೇ ಬಗೆಹರಿಯುವ ದೂರುಗಳು ಹೀಗೆ ಬಗೆಹರಿದವು. ಡಾಕ್ಟರ ಹುದ್ದೆ ಖಾಲಿ, ಔಷಧಿ ಸರಬರಾಜೇ ಇಲ್ಲ ಎಂಬಂಥವು ರಾಜ್ಯದ ಕದ ತಟ್ಟಬೇಕಾಯಿತು. ಇಡೀ ವ್ಯವಸ್ಥೆಯಲ್ಲಿ ಅಧಿಕಾರ ಎಲ್ಲಿಯ ತನಕ ಇಳಿದಿದೆ ಎಂಬುದನ್ನು ಯಾವ ವರದಿಗಿಂತಲೂ ಚೆನ್ನಾಗಿ ತೋರಿಸಿದ್ದು ಈ ಎರಡು ಬಗೆಯ ದೂರುಗಳು.

ಇದೇ ಅವಧಿಯಲ್ಲಿ ಕರ್ನಾಟಕದ ತುಮಕೂರಿನಲ್ಲಿ ನಡೆದ ತರಬೇತಿಯನ್ನು ಪುಣೆಯ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. 2009ರಿಂದ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್, ಕರುಣಾ ಟ್ರಸ್ಟ್ ಮತ್ತಿತರ ಸಂಸ್ಥೆಗಳು ಆ ಜಿಲ್ಲೆಯ ಹತ್ತು ತಾಲ್ಲೂಕುಗಳ ಆರೋಗ್ಯಾಧಿಕಾರಿಗಳಿಗೂ ಕಾರ್ಯಕ್ರಮ ವ್ಯವಸ್ಥಾಪಕರಿಗೂ ಯೋಜನೆ, ಹಣಕಾಸು, ಸಿಬ್ಬಂದಿ ನಿರ್ವಹಣೆಗಳನ್ನು ಕಲಿಸಿದವು. ತರಗತಿ ಮುಗಿಸಿ ಸುಮ್ಮನಾಗದೆ ತರಬೇತುದಾರರು ತಾಲ್ಲೂಕು ಕಚೇರಿಗೇ ಹೋಗಿ ಜೊತೆಗೆ ಕೂತರು. ಆಮೇಲೆ ಎನ್.ಎಸ್. ಪ್ರಶಾಂತ್ ಮತ್ತು ಸಹಸಂಶೋಧಕರು ನಡೆಸಿದ ಮೌಲ್ಯಮಾಪನದಲ್ಲಿ ಕಂಡದ್ದು ಇದು: ಒಂದೇ ಪಾಠ ಕೇಳಿದ ತಾಲ್ಲೂಕುಗಳು ಒಂದೇ ಥರ ಬದಲಾಗಲಿಲ್ಲ. ಕಲಿತವರಿಗೆ ಮಾಡುವ ಮನಸ್ಸಿರಬೇಕು, ಮೇಲಿನವರ ಒತ್ತಾಸೆ ಇರಬೇಕು, ತಂಡ ಒಂದಿಷ್ಟು ಕಾಲ ಚದುರದೆ ಉಳಿಯಬೇಕು. ಇವು ಕೂಡಿಬಂದಲ್ಲಿ ಮಾತ್ರ ಕಲಿತದ್ದು ಕೆಲಸಕ್ಕೆ ಬಂತು.

2020ರ ಮಾರ್ಚ್ 9ರಂದು ಮಹಾರಾಷ್ಟ್ರದ ಮೊದಲ ಕೋವಿಡ್ ಪ್ರಕರಣಗಳು ಪುಣೆಯಲ್ಲೇ ಪತ್ತೆಯಾದವು. ಆ ರೋಗಿಗಳು ಸೇರಿದ್ದು ಪಾಲಿಕೆಯ ನಾಯ್ಡು ಸಾಂಕ್ರಾಮಿಕ ಆಸ್ಪತ್ರೆಗೆ. ಅದೇ ವಾರ ಸರ್ಕಾರ ಕೈಗೆತ್ತಿಕೊಂಡ ಕಾಯಿದೆ 1897ರದ್ದು, ರ‍್ಯಾಂಡ್ ಕಾಲದ್ದೇ. ಅಧಿಕಾರ ಜಿಲ್ಲಾಧಿಕಾರಿ, ಪಾಲಿಕೆ ಆಯುಕ್ತರ ಬಳಿ ಒಟ್ಟಾಯಿತು. ಮನೆಮನೆ ಸಮೀಕ್ಷೆಗೆ ಬಾಗಿಲು ಬಡಿದವರು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು. ಈ ಸಲ ಬಾಗಿಲಲ್ಲಿ ನಿಂತದ್ದು ಪರಿಚಯದ ಮುಖ.

ಆ ನಂತರ 15ನೆಯ ಹಣಕಾಸು ಆಯೋಗ 2021-26ರ ಅವಧಿಗೆ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆ 70,051 ಕೋಟಿ ರೂಪಾಯಿ ಶಿಫಾರಸು ಮಾಡಿತು. 2022ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಪ್ರತ್ಯೇಕ ಸಾರ್ವಜನಿಕ ಆರೋಗ್ಯ ನಿರ್ವಹಣಾ ವೃಂದ ರಚಿಸಲು ರಾಜ್ಯಗಳಿಗೆ ಮಾರ್ಗಸೂಚಿ ಕೊಟ್ಟಿತು. ಚಿಕಿತ್ಸೆ ಮಾಡುವವರು ಮತ್ತು ಆಡಳಿತ ನಡೆಸುವವರು ಬೇರೆಬೇರೆ ಹಾದಿಯಲ್ಲಿ ಬೆಳೆಯಲಿ ಎಂಬುದು ಅದರ ಉದ್ದೇಶ. ಪುಣೆಯಲ್ಲಿ ಡಿಎಚ್‌ಒ ಜಿಲ್ಲಾ ಪರಿಷತ್ತಿನಲ್ಲಿ ಕೂರುತ್ತಾರೆ, ಸಿವಿಲ್ ಸರ್ಜನ್ ಔಂಧ್‌ನ ಜಿಲ್ಲಾಸ್ಪತ್ರೆಯಲ್ಲಿ.